ವರ್ಷಕ್ಕೆ ಎಷ್ಟು ದಿನ ರಜೆ? ದೇಶ ದೇಶಗಳ ಸಂಬಳದ ರಜೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಬೇರೆ ದೇಶಗಳ ಟೀಮುಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದ ರಜೆ ಬಗ್ಗೆ ಪ್ರಶ್ನೆಗಳು ನನ್ನ ಹತ್ತಿರ ಸ್ವಲ್ಪ ಜಾಸ್ತಿಯೇ ಬರುತ್ತವೆ. ಹೊರದೇಶಕ್ಕೆ ಹೊರಟವರು ಕೇಳುತ್ತಾರೆ, ಆಫರ್ ಲೆಟರ್ ಕೈಯಲ್ಲಿ ಹಿಡಿದವರು ಕೇಳುತ್ತಾರೆ, ರಜೆ ಸಿಗದೆ ಸಿಟ್ಟಾದವರೂ ಕೇಳುತ್ತಾರೆ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಸಾಲಾಗಿ ಓದಬೇಕಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

ಓದುವಾಗ ಒಂದು ಮಾತ್ರ ನೆನಪಿರಲಿ. ಎಲ್ಲರೂ ಕೇಳುವುದು "ಎಷ್ಟು ದಿನ?" ಅಂತ. ನಾನಾದರೆ ಮೊದಲು ಕೇಳುವುದು, ಆ ದಿನಗಳನ್ನು ನಾನು ನಿಜವಾಗಿಯೂ ತಗೊಳ್ಳುವಂತೆ ನೋಡಿಕೊಳ್ಳುವ ಹೊಣೆ ಯಾರದು ಅಂತ. ದೇಶ ದೇಶಗಳ ನಡುವೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ.

## ಮೊದಲಿಗೆ ಕೇಳುವ ಪ್ರಶ್ನೆಗಳು

ಸಂಬಳದ ರಜೆ ಅಂದ್ರೆ ಯಾವುದು? ವಾರದ ರಜೆ, ಸರ್ಕಾರಿ ರಜೆ, ಜ್ವರ ಬಂದಾಗ ಹಾಕೋ ರಜೆ ಎಲ್ಲಾ ಇದರಲ್ಲೇ ಸೇರುತ್ತಾ?

ಇಲ್ಲ, ಇವೆಲ್ಲ ಬೇರೆ ಬೇರೆ. ವಾರದ ರಜೆ ಎಲ್ಲರಿಗೂ ಗೊತ್ತಿರುವುದೇ. ಸರ್ಕಾರಿ ರಜೆ ಇಡೀ ದೇಶಕ್ಕೆ ಒಟ್ಟಿಗೆ ಬರುವ ದಿನ. ಸಿಕ್ ಲೀವ್ ಮೈ ಹುಷಾರಿಲ್ಲದಾಗ ಹಾಕುವುದು. ಇವು ಮೂರನ್ನೂ ಬಿಟ್ಟು, ಸುಮ್ನೆ ಮನೆಯಲ್ಲಿರುವುದಕ್ಕೋ ಊರು ಸುತ್ತುವುದಕ್ಕೋ ಸಂಬಳ ಕಡಿತವಿಲ್ಲದೆ ಸಿಗುವ ದಿನಗಳೇ ಈ ವಾರ್ಷಿಕ ರಜೆ. ಕೆಲಸ ಮಾಡಿ ಗಳಿಸಿದ್ದು ಅನ್ನುವ ಅರ್ಥದಲ್ಲಿ ಇದನ್ನು ಅರ್ನ್ಡ್ ಲೀವ್, ಗಳಿಕೆ ರಜೆ ಅಂತಲೂ ಕರೆಯುತ್ತಾರೆ.

ಗೊಂದಲ ಆಗುವುದು ಇವನ್ನು ಕಲಸಿದಾಗ. ಅಮೆರಿಕದ ಎಷ್ಟೋ ಕಂಪನಿಗಳಲ್ಲಿ ಸಿಕ್ ಲೀವ್, ವಾರ್ಷಿಕ ರಜೆ ಎರಡೂ ಒಂದೇ ಖಾತೆಯಲ್ಲಿರುತ್ತವೆ. ಪಿಟಿಒ (ಪೇಯ್ಡ್ ಟೈಮ್ ಆಫ್, ಅಂದರೆ ಸಂಬಳ ಸಹಿತ ಬಿಡುವು) ಅನ್ನುವುದು ಅದಕ್ಕೇ. "15 ದಿನ" ಅಂದರೆ ಅದರಲ್ಲಿ ಜ್ವರದ ದಿನಗಳೂ ಸೇರಿವೆ ಅಂತ ಆಮೇಲೆ ಗೊತ್ತಾಗುತ್ತದೆ.

ಇದೆಲ್ಲ ಯಾವಾಗ ಶುರುವಾಯ್ತು? ಮೊದಲು ಯಾರಿಗೂ ರಜೆ ಇರ್ಲಿಲ್ವಾ?

ರಜೆ ಇತ್ತು, ಸಂಬಳ ಇರಲಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಹತ್ತಿ ಗಿರಣಿಗಳ ಊರುಗಳು ವರ್ಷಕ್ಕೊಂದು ವಾರ ಪೂರ್ತಿ ಬಾಗಿಲು ಹಾಕುತ್ತಿದ್ದವು. ಆ ವಾರದ ಕೂಲಿ ಇಲ್ಲ. ಹಾಗಾಗಿ ಕೆಲಸಗಾರರು ವರ್ಷವಿಡೀ ಸಣ್ಣ ಉಳಿತಾಯ ಸಂಘಗಳಲ್ಲಿ ಕಾಸು ಕೂಡಿಟ್ಟು ಸಮುದ್ರ ತೀರಕ್ಕೆ ಹೋಗಿಬರುತ್ತಿದ್ದರು.

ಎಲ್ಲರ ಬಾಯಲ್ಲೂ ಬರುವ ವರ್ಷ 1936. ಫ್ರಾನ್ಸ್‌ನಲ್ಲಿ ಲಿಯೋನ್ ಬ್ಲುಮ್ ಸರ್ಕಾರ ಬಂದ ಹೊತ್ತಿಗೆ ದೇಶದ ತುಂಬ ಮುಷ್ಕರ. ಜೂನ್‌ನಲ್ಲೇ ಎರಡು ವಾರದ ಸಂಬಳದ ರಜೆ ಕಾನೂನಾಯಿತು. ರಜೆ ಕೊಟ್ಟರೆ ಸಾಕಾ, ಹೋಗಲು ದುಡ್ಡು ಬೇಡವಾ? ಅದಕ್ಕೆ ಲಿಯೋ ಲಾಗ್ರಾಂಜ್ ಅನ್ನುವ ಮಂತ್ರಿ ರೈಲು ಟಿಕೆಟ್‌ನಲ್ಲಿ 40% ರಿಯಾಯಿತಿ ಕೊಡಿಸಿದರು. ಆ ಬೇಸಿಗೆಯಲ್ಲಿ ಜೀವನದಲ್ಲಿ ಮೊದಲ ಸಲ ಕಡಲು ಕಂಡವರು ಎಷ್ಟೋ ಜನ. ಆಮೇಲೆ 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರ ಆಯಿತು. ಬ್ರಿಟನ್ 1938ರಲ್ಲಿ ಸಂಬಳದ ರಜೆಯ ಕಾಯ್ದೆ ತಂದರೂ, ಎಲ್ಲ ಕೆಲಸಗಾರರಿಗೂ ಅದು ಹಕ್ಕಾಗಿ ಬಂದದ್ದು 1998ರಲ್ಲಿ. ಇದು ಹೇಳಿದರೆ ಬ್ರಿಟಿಷರೇ ನಂಬುವುದಿಲ್ಲ.

ಸ್ಪೇನ್‌ನಲ್ಲಿ 30 ದಿನ, ಜರ್ಮನಿಯಲ್ಲಿ 24, ಬ್ರಿಟನ್‌ನಲ್ಲಿ 28 ಅಂತಾರೆ. ಹಾಗಾದ್ರೆ ಸ್ಪೇನೇ ಬೆಸ್ಟ್ ಅಲ್ವಾ?

ಈ ಅಂಕಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಲೇಬಾರದು. ಒಂದೊಂದು ದೇಶದ "ದಿನ" ಒಂದೊಂದು ಥರ.

ಸ್ಪೇನ್‌ನ 30 ಕ್ಯಾಲೆಂಡರ್ ದಿನಗಳು. ಶನಿವಾರ, ಭಾನುವಾರ ಎರಡೂ ಅದರಲ್ಲೇ ಕಳೆಯುತ್ತವೆ. ಅಂದರೆ ಕೆಲಸದ ದಿನ ಸುಮಾರು 22. ಜರ್ಮನಿಯ 24 ಬರೆದಿರುವುದು ವಾರಕ್ಕೆ ಆರು ದಿನ ಕೆಲಸ ಅನ್ನುವ ಲೆಕ್ಕದಲ್ಲಿ, 1963ರ ಕಾಯ್ದೆ ಅದು. ಐದು ದಿನದ ವಾರಕ್ಕೆ ಇಳಿಸಿದರೆ 20. ಬ್ರಿಟನ್ನಿನ 28ರಲ್ಲಿ ಸರ್ಕಾರಿ ರಜೆಗಳನ್ನೂ ಸೇರಿಸಲು ಮಾಲೀಕರಿಗೆ ಅವಕಾಶ ಇದೆ. ಇಂಗ್ಲೆಂಡಿನಲ್ಲಿ ಅವು ಎಂಟು. ಕಳೆದರೆ ಉಳಿಯುವುದು ಅದೇ 20! ನಾರ್ವೆಯ ಕಾನೂನಿನಲ್ಲಿ 25 ದಿನ ಅಂತಿದೆ. ಅದರಲ್ಲೂ ಶನಿವಾರ ಸೇರಿದೆ. ಹಾಗಾಗಿ ಅದು ನಾಲ್ಕು ವಾರ ಮತ್ತು ಒಂದು ದಿನ.

ಫ್ರಾನ್ಸ್‌ನದು ನೋಡಿ. ತಿಂಗಳಿಗೆ ಎರಡೂವರೆ ದಿನದಂತೆ ವರ್ಷಕ್ಕೆ 30. ಶನಿವಾರವೂ ಕೆಲಸದ ದಿನ ಅನ್ನುವ ಲೆಕ್ಕ. ನೀವು ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕಿದರೆ ಐದಲ್ಲ, ಆರು ದಿನ ಕಳೆಯುತ್ತಾರೆ. ಹೊಸದಾಗಿ ಹೋದವರು ಸ್ಯಾಲರಿ ಸ್ಲಿಪ್ ನೋಡಿ "ಒಂದು ದಿನ ಹೊಡೆದುಬಿಟ್ಟರು" ಅಂತ ಗಾಬರಿಯಾಗುತ್ತಾರೆ. ಯಾರೂ ಹೊಡೆದಿಲ್ಲ. 30ನ್ನು ಆರರಿಂದ ಭಾಗಿಸಿ, ಐದು ವಾರ.

ಅದಕ್ಕೇ ನಾನು ಯಾವಾಗಲೂ "ಎಷ್ಟು ವಾರ?" ಅಂತ ಕೇಳುವುದು. ವಾರದಲ್ಲಿ ಮೋಸ ಇಲ್ಲ.

ಜಗತ್ತಿಗೆಲ್ಲ ಇಷ್ಟು ರಜೆ ಕೊಡಲೇಬೇಕು ಅಂತ ಏನಾದ್ರೂ ಇದೆಯಾ?

ಕಾಗದದ ಮೇಲೆ ಇದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿಯಲ್ಲಿ ಸಂಬಳದ ರಜೆಯ ಮಾತು ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1936ರಲ್ಲಿ ವರ್ಷಕ್ಕೆ ಆರು ಕೆಲಸದ ದಿನ ಅಂತ ಒಪ್ಪಂದ ಮಾಡಿತ್ತು. 1970ರಲ್ಲಿ ಅದನ್ನು ಮೂರು ವಾರಕ್ಕೆ ಏರಿಸಿತು. ಆದರೆ ಒಪ್ಪಂದ ಸಹಿ ಹಾಕಿದ ದೇಶಕ್ಕೆ ಮಾತ್ರ. ಅಮೆರಿಕವೂ ಹಾಕಿಲ್ಲ, ಭಾರತವೂ ಹಾಕಿಲ್ಲ.

## ದೇಶವಾರು ಪ್ರಶ್ನೆಗಳು

ಅಮೆರಿಕದಲ್ಲಿ ನಿಜವಾಗ್ಲೂ ಒಂದು ದಿನದ ರಜೆಯೂ ಕಾನೂನಲ್ಲಿ ಇಲ್ವಾ? ನನ್ನ ಕಸಿನ್‌ಗೆ ವರ್ಷಕ್ಕೆ 20 ದಿನ ಇದೆಯಲ್ಲ!

ಎರಡೂ ನಿಜ. ಕಸಿನ್‌ಗೆ ಸಿಗುತ್ತಿರುವುದು ಕಂಪನಿ ಕೊಟ್ಟಿದ್ದು, ಸರ್ಕಾರ ಕೊಡಿಸಿದ್ದಲ್ಲ. 1938ರ ಫೆಡರಲ್ ಕಾರ್ಮಿಕ ಕಾನೂನು ಕನಿಷ್ಠ ಕೂಲಿ, ಓವರ್‌ಟೈಮ್, ಬಾಲ ಕಾರ್ಮಿಕರ ಬಗ್ಗೆ ಹೇಳುತ್ತದೆ. ಸಂಬಳದ ರಜೆಯ ಬಗ್ಗೆ ಚಕಾರ ಎತ್ತುವುದಿಲ್ಲ. 1993ರ ಇನ್ನೊಂದು ಕಾನೂನು ಹೆರಿಗೆ, ಕಾಯಿಲೆಯಂಥ ಕಾರಣಕ್ಕೆ 12 ವಾರ ಕೆಲಸ ಉಳಿಸಿಕೊಡುತ್ತದೆ, ಸಂಬಳವಿಲ್ಲದೆ. ಅದೂ 50 ಜನರಿಗಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ.

ಖಾಸಗಿ ವಲಯದಲ್ಲಿ ಹತ್ತರಲ್ಲಿ ಸುಮಾರು ಎಂಟು ಜನರಿಗೆ ಏನೋ ಒಂದಷ್ಟು ಸಂಬಳದ ರಜೆ ಇರುತ್ತದೆ. ಕೆಲಸಕ್ಕೆ ಸೇರಿ ಒಂದು ವರ್ಷವಾದವರಿಗೆ ಸುಮಾರು ಹತ್ತು ದಿನ. ಉಳಿದ ಇಬ್ಬರು ಯಾರು ಅಂದರೆ ಹೆಚ್ಚಾಗಿ ಪಾರ್ಟ್‌ಟೈಮ್ ಮಾಡುವವರು, ಕಡಿಮೆ ಕೂಲಿಯವರು. ಅಂದರೆ ರಜೆ ಹಾಕಿದರೆ ಆ ದಿನದ ಊಟಕ್ಕೇ ಕತ್ತರಿ ಬೀಳುವವರು. ಕಸಿನ್‌ನ 20 ದಿನ ನೋಡಿ ಅಮೆರಿಕ ಹೀಗಿದೆ ಅನ್ನಲು ಆಗುವುದಿಲ್ಲ.

ರಾಜ್ಯಗಳು ಮಾತ್ರ ನಿಧಾನಕ್ಕೆ ಬದಲಾಗುತ್ತಿವೆ. ನೆವಾಡಾ 2020ರಿಂದ, ಮೇನ್ 2021ರಿಂದ, ಇಲಿನಾಯ್ 2024ರಿಂದ ಯಾವ ಕಾರಣಕ್ಕಾದರೂ ಬಳಸಬಹುದಾದ ಸುಮಾರು 40 ಗಂಟೆಗಳ ಸಂಬಳದ ರಜೆ ಕಡ್ಡಾಯ ಮಾಡಿವೆ. ಗಂಟೆಯಲ್ಲಿ ಎಣಿಸುತ್ತಾರೆ, ನೋಡಿ. 40 ಗಂಟೆ ಅಂದರೆ ಒಂದು ವಾರ.

ಯುರೋಪಿನವರು ಬೇಸಿಗೆಯಲ್ಲಿ ಕೆಲಸಾನೇ ಮಾಡಲ್ವಂತೆ, ಹೌದಾ?

ಮಾಡುತ್ತಾರೆ, ಎಲ್ಲರೂ ಒಟ್ಟಿಗೆ ಮಾಡುವುದಿಲ್ಲ ಅಷ್ಟೇ.

ಐರೋಪ್ಯ ಒಕ್ಕೂಟದ 2003ರ ನಿರ್ದೇಶನದ ಪ್ರಕಾರ ಕನಿಷ್ಠ ನಾಲ್ಕು ವಾರ ಕೊಡಲೇಬೇಕು. ಕೆಲಸದಲ್ಲಿ ಇರುವವರೆಗೆ ಆ ನಾಲ್ಕು ವಾರಕ್ಕೆ ಬದಲಾಗಿ ದುಡ್ಡು ಕೊಟ್ಟು ಮುಗಿಸುವಂತಿಲ್ಲ. ಇದು ಕನಿಷ್ಠ. ಆಸ್ಟ್ರಿಯಾ, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಐದು ವಾರ. ಜರ್ಮನಿಯಲ್ಲಿ ಕಾನೂನು ನಾಲ್ಕು ವಾರ ಅಂದರೂ ಯೂನಿಯನ್ ಒಪ್ಪಂದಗಳಿಂದಾಗಿ ಆರು ವಾರ ಪಡೆಯುವವರು ಬೇಕಾದಷ್ಟು ಜನ.

ಸ್ವೀಡನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ ಒಳಗೆ ನಾಲ್ಕು ವಾರ ಒಂದೇ ಸಮನೆ ರಜೆ ಪಡೆಯುವ ಹಕ್ಕಿದೆ. ಇದು ಗೊತ್ತಿಲ್ಲದೆ ನಾನು ಒಂದು ಜುಲೈನಲ್ಲಿ ಅಲ್ಲಿನ ಸಹೋದ್ಯೋಗಿಗೆ ಒಂದು ಅಪ್ರೂವಲ್ ಕೇಳಿ ಮೇಲ್ ಹಾಕಿದ್ದೆ. ತಕ್ಷಣ ಆಟೋ ರಿಪ್ಲೈ ಬಂತು: ರಜೆಯಲ್ಲಿದ್ದೇನೆ, ಆಗಸ್ಟ್ 5ಕ್ಕೆ ಬರುತ್ತೇನೆ, ತುರ್ತಿದ್ದರೆ ಇಂಥವರನ್ನು ಕೇಳಿ. ಆ ಇಂಥವರಿಗೆ ಹಾಕಿದೆ. ಅವರದೂ ಆಟೋ ರಿಪ್ಲೈ. ಅದರಲ್ಲಿ ತುರ್ತಿದ್ದರೆ ಕೇಳಬೇಕಾದವರು ಅಂತ ಮೊದಲಿನವರ ಹೆಸರೇ ಇತ್ತು. ನಮ್ಮ ಮ್ಯಾನೇಜರ್ ಕೆಂಡವಾದರು. ಆಗಸ್ಟ್ 5ರ ಬೆಳಿಗ್ಗೆ 9 ಗಂಟೆಗೆ ಅಪ್ರೂವಲ್ ಬಂತು, ಏನೂ ಮುಳುಗಿರಲಿಲ್ಲ. ಮುಂದಿನ ವರ್ಷದಿಂದ ನಾವು ಮೇ ತಿಂಗಳಲ್ಲೇ ಎಲ್ಲ ಸಹಿ ಹಾಕಿಸಿಕೊಂಡೆವು.

ಇಟಲಿಯಲ್ಲಿ ಆಗಸ್ಟ್ 15ರ ಆಸುಪಾಸು ಕಾರ್ಖಾನೆ, ಅಂಗಡಿಗಳು ಮುಚ್ಚುವುದು ಹಳೆಯ ರೂಢಿ. ಫ್ರಾನ್ಸ್‌ನಲ್ಲಿ ಜುಲೈ ರಜೆ ಮುಗಿಸಿ ಬರುವವರು, ಆಗಸ್ಟ್ ರಜೆಗೆ ಹೊರಟವರು ಒಂದೇ ವಾರಾಂತ್ಯದಲ್ಲಿ ಹೆದ್ದಾರಿಗೆ ಇಳಿದು ಕಿಲೋಮೀಟರ್‌ಗಟ್ಟಲೆ ಜಾಮ್ ಆಗುತ್ತದೆ. ಜರ್ಮನಿಯವರು ಇದನ್ನು ತಪ್ಪಿಸಲು ರಾಜ್ಯದಿಂದ ರಾಜ್ಯಕ್ಕೆ ಶಾಲೆಗಳ ಬೇಸಿಗೆ ರಜೆಯ ತಾರೀಕನ್ನೇ ಹಿಂದೆ ಮುಂದೆ ಮಾಡಿಕೊಂಡಿದ್ದಾರೆ.

ಜಪಾನಿನವರು ಇರೋ ರಜೆನೂ ತಗೊಳಲ್ವಂತೆ, ಯಾಕೆ?

ಕಾನೂನು ಅಲ್ಲಿ 1947ರಿಂದಲೇ ಇದೆ. ಆರು ತಿಂಗಳು ಕೆಲಸ ಮಾಡಿ 80% ಹಾಜರಾತಿ ಇದ್ದರೆ 10 ದಿನ. ವರ್ಷ ಕಳೆದಂತೆ ಏರಿ, ಆರೂವರೆ ವರ್ಷಕ್ಕೆ 20 ದಿನ. ಕಡಿಮೆಯೇನಲ್ಲ. ಆದರೂ 2000ದ ದಶಕದಲ್ಲಿ ಸರಾಸರಿ ಅರ್ಧದಷ್ಟು ರಜೆಯನ್ನೂ ಬಳಸುತ್ತಿರಲಿಲ್ಲ.

"ಅವರು ಕೆಲಸದ ಹುಚ್ಚರು" ಅಂತ ಒಂದೇ ಮಾತಲ್ಲಿ ಮುಗಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಕಾರಣಗಳು ಸಣ್ಣವು, ದಿನನಿತ್ಯದವು. ಸಂಬಳದ ಸಿಕ್ ಲೀವ್ ಕಾನೂನಿನಲ್ಲಿ ಕಡ್ಡಾಯವಲ್ಲ. ಹಾಗಾಗಿ ಜ್ವರ ಬಂದರೆ ಬೇಕಾಗುತ್ತದೆ ಅಂತ ವಾರ್ಷಿಕ ರಜೆಯನ್ನೇ ಉಳಿಸಿಕೊಳ್ಳುತ್ತಾರೆ. ನಾನಿಲ್ಲದಾಗ ನನ್ನ ಕೆಲಸ ಪಕ್ಕದವರ ತಲೆಗೆ ಬೀಳುತ್ತದೆ ಅನ್ನುವ ಮುಜುಗರ ಬೇರೆ. ರಜೆ ಮುಗಿಸಿ ಬಂದವರು ಒಂದೊಂದೇ ಪ್ಯಾಕೆಟ್ ಮಾಡಿರುವ ಸಿಹಿಯ ಡಬ್ಬಿ ತಂದು, ಎಲ್ಲರ ಮೇಜಿಗೂ ಹೋಗಿ, ತೊಂದರೆ ಕೊಟ್ಟೆ ಅಂತ ಹೇಳಿ ಹಂಚುವುದುಂಟು. ಜೊತೆಗೆ 16 ಸರ್ಕಾರಿ ರಜೆಗಳಿವೆ. ಆ ದಿನ ಎಲ್ಲರಿಗೂ ರಜೆ, ಯಾರಿಗೂ ಮುಜುಗರವಿಲ್ಲ.

ದೊಡ್ಡ ಕಾರಣ ಇನ್ನೊಂದಿತ್ತು. ರಜೆ ಬೇಕು ಅಂತ ಕೇಳಬೇಕಾದವರು ಕೆಲಸಗಾರರೇ. ಕೇಳದಿದ್ದರೆ ಮಾಲೀಕರ ತಪ್ಪೇನೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಇದನ್ನು ತಿರುಗಿಸಿದರು. 10 ದಿನ ಅಥವಾ ಹೆಚ್ಚು ರಜೆ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ 5 ದಿನ ತಗೊಳ್ಳುವಂತೆ ಕಂಪನಿಯೇ ನೋಡಿಕೊಳ್ಳಬೇಕು. ತಪ್ಪಿದರೆ ಒಬ್ಬ ಕೆಲಸಗಾರನ ಲೆಕ್ಕದಲ್ಲಿ 3 ಲಕ್ಷ ಯೆನ್‌ವರೆಗೆ ದಂಡ. ಈಗ ಬಳಕೆ 60% ದಾಟಿದೆ. ಕೆಲಸದ ಸಂಸ್ಕೃತಿ ಅಷ್ಟು ಬೇಗ ಬದಲಾಗಲಿಲ್ಲ, ದಂಡ ಕಟ್ಟಬೇಕಾದವರು ಬದಲಾದರು.

ಚೀನಾ, ಕೊರಿಯಾ, ಸಿಂಗಪುರದ ಕಥೆ ಏನು?

ಚೀನಾದಲ್ಲಿ 2008ರಿಂದ ನಿಯಮ ಇದೆ. ಒಟ್ಟು ಸರ್ವಿಸ್ 1ರಿಂದ 10 ವರ್ಷವಾದರೆ 5 ದಿನ, 20 ವರ್ಷದವರೆಗೆ 10, ಆಮೇಲೆ 15. ಕಂಪನಿ ಬದಲಾಯಿಸಿದರೂ ಹಳೆಯ ಸರ್ವಿಸ್ ಲೆಕ್ಕಕ್ಕೆ ಬರುತ್ತದೆ, ಅದೊಂದು ಒಳ್ಳೆಯದು. ಜನರಿಗೆ ಸಿಟ್ಟು ಬರುವುದು ಸರ್ಕಾರಿ ರಜೆಗಳ ಬಗ್ಗೆ. ಉದ್ದದ ರಜೆ ಸಿಗಲಿ ಅಂತ ವಾರದ ನಡುವಿನ ದಿನಗಳನ್ನು ಜೋಡಿಸುತ್ತಾರೆ. ಬದಲಿಗೆ ಹಿಂದಿನ ಅಥವಾ ಮುಂದಿನ ಶನಿವಾರವೋ ಭಾನುವಾರವೋ ಕೆಲಸಕ್ಕೆ ಬರಬೇಕು. ರಜೆಯನ್ನು ಸಾಲ ತಂದ ಹಾಗೆ.

ದಕ್ಷಿಣ ಕೊರಿಯಾದಲ್ಲಿ ಒಂದು ವರ್ಷಕ್ಕೆ 15 ದಿನ, ಸರ್ವಿಸ್ ಜೊತೆ 25ರವರೆಗೆ ಏರುತ್ತದೆ. ಸಿಂಗಪುರದಲ್ಲಿ ಮೊದಲ ವರ್ಷ 7, ಎಂಟನೇ ವರ್ಷದಿಂದ 14.

ಗಲ್ಫ್‌ಗೆ ಹೊರಟಿದೀನಿ. ಕಾಂಟ್ರಾಕ್ಟ್‌ನಲ್ಲಿ ಏನು ನೋಡ್ಬೇಕು?

ಯುಎಇಯಲ್ಲಿ ಒಂದು ವರ್ಷ ತುಂಬಿದರೆ 30 ದಿನ. ಆರು ತಿಂಗಳಿಂದ ಒಂದು ವರ್ಷದೊಳಗಿದ್ದರೆ ತಿಂಗಳಿಗೆ 2 ದಿನ. ಸೌದಿಯಲ್ಲಿ 21 ದಿನ, ಒಂದೇ ಕಡೆ ಐದು ವರ್ಷ ತುಂಬಿದರೆ 30. ಒಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಉಳಿದ ರಜೆಗೆ ಕೊಡುವ ದುಡ್ಡನ್ನು ಬೇಸಿಕ್ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. ಒಟ್ಟು ಸಂಬಳ 5000 ದಿರ್ಹಂ, ಬೇಸಿಕ್ 2000 ಮಾತ್ರ ಅಂತ ಬರೆದಿದ್ದರೆ ಕೊನೆಯಲ್ಲಿ ಕೈಗೆ ಬರುವುದು 2000ದ ಲೆಕ್ಕ. ಆದ್ದರಿಂದ ಬೇಸಿಕ್ ಎಷ್ಟು ಅಂತ ಸಹಿ ಹಾಕುವ ಮುಂಚೆ ನೋಡಿ. ಮನೆಗೆಲಸದವರಿಗೆ, ಮನೆಯ ಡ್ರೈವರ್‌ಗಳಿಗೆ ಬೇರೆ ಕಾನೂನು ಇರುತ್ತದೆ. ಮೇಲಿನ ಲೆಕ್ಕವನ್ನು ಅವರಿಗೆ ಹಾಗೇ ಹೊಂದಿಸಬೇಡಿ.

ಭಾರತದಲ್ಲಿ ಕಾನೂನು ಏನು ಹೇಳುತ್ತೆ? ಎಚ್ಆರ್ ಹೇಳಿದ್ದೇ ಫೈನಲ್ಲಾ?

ಅಲ್ಲ. 1948ರ ಕಾರ್ಖಾನೆ ಕಾಯ್ದೆಯ ಲೆಕ್ಕ ಹೀಗಿತ್ತು: ವರ್ಷಕ್ಕೆ 240 ದಿನ ಕೆಲಸ ಮಾಡಿದರೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ. 280 ದಿನ ಮಾಡಿದವರಿಗೆ 14. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ 240 ಈಗ 180ಕ್ಕೆ ಇಳಿದಿದೆ. ಅಂಗಡಿ, ಕಚೇರಿಗಳಿಗೆ ಆಯಾ ರಾಜ್ಯದ ಕಾಯ್ದೆಯೂ ಇರುತ್ತದೆ.

ಕಾರ್ಖಾನೆ ಕಾಯ್ದೆಯಲ್ಲಿದ್ದ, ಹೊಸ ಸಂಹಿತೆಯಲ್ಲೂ ಉಳಿದಿರುವ ಒಂದು ಸಾಲು ನನಗೆ ತುಂಬ ಇಷ್ಟ. ಮುಂದಿನ ವರ್ಷಕ್ಕೆ ಒಯ್ಯುವ ರಜೆಗೆ 30 ದಿನದ ಮಿತಿ ಇದೆ. ಆದರೆ ನೀವು ರಜೆ ಕೇಳಿ, ಅವರು ಕೊಡದೇ ಹೋದರೆ, ಆ ಕೊಡದ ರಜೆಗೆ ಮಿತಿ ಇಲ್ಲ. ಬಾಯಿಮಾತಲ್ಲಿ "ಸಾರ್, ರಜೆ ಬೇಕಿತ್ತು" ಅಂದು "ಈಗ ಬೇಡಪ್ಪ" ಅನ್ನಿಸಿಕೊಂಡು ಬಂದರೆ ಏನೂ ಸಾಬೀತಾಗುವುದಿಲ್ಲ. ಅದನ್ನೇ ಮೇಲ್‌ನಲ್ಲಿ ಕೇಳಿ, ಮೇಲ್‌ನಲ್ಲೇ ಇಲ್ಲ ಅನ್ನಿಸಿಕೊಳ್ಳಿ.

ರಜೆಗೆ ಹೋಗೋಕೆ ಮೇಲೆ ದುಡ್ಡು ಬೇರೆ ಕೊಡ್ತಾರಂತೆ! ಎಲ್ಲಿ?

ಬ್ರೆಜಿಲ್‌ನಲ್ಲಿ 30 ದಿನದ ರಜೆಗೆ ಮಾಮೂಲಿ ಸಂಬಳದ ಜೊತೆ ಅದರ ಮೂರನೇ ಒಂದು ಭಾಗ ಹೆಚ್ಚಿಗೆ ಕೊಡಬೇಕು. 1988ರ ಸಂವಿಧಾನದಲ್ಲೇ ಬರೆದಿದೆ. ಮೆಕ್ಸಿಕೋದಲ್ಲಿ ರಜೆಯ ದಿನಗಳ ಸಂಬಳದ ಮೇಲೆ ಕನಿಷ್ಠ 25%. ಅಲ್ಲಿ ಮೊದಲ ವರ್ಷದ ರಜೆ ಬರೀ 6 ದಿನ ಇತ್ತು, 2023ರಲ್ಲಿ 12 ಆಯಿತು. ನೆದರ್ಲೆಂಡ್ಸ್‌ನಲ್ಲಿ ವರ್ಷದ ಸಂಬಳದ 8% ರಜೆ ಭತ್ಯೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಆಸ್ಟ್ರೇಲಿಯಾದ ಹಲವು ಉದ್ಯೋಗಗಳಲ್ಲಿ ರಜೆ ಸಂಬಳದ ಮೇಲೆ 17.5%. ಓವರ್‌ಟೈಮ್ ಮಾಡಿ ಗಳಿಸುತ್ತಿದ್ದವರು ರಜೆಗೆ ಹೋದರೆ ಆ ಗಳಿಕೆ ತಪ್ಪುತ್ತದೆ, ಅದನ್ನು ತುಂಬಿಕೊಡಲು ಬಂದ ಪದ್ಧತಿ ಅದು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಹತ್ತು ದಿನ ರಜೆ ಹಾಕಿದ್ದೆ, ಐದು ದಿನ ಜ್ವರದಲ್ಲೇ ಮಲಗಿದ್ದೆ. ಆ ಐದು ದಿನ ಹೋದಂಗೇನಾ?

ಐರೋಪ್ಯ ಒಕ್ಕೂಟದಲ್ಲಾದರೆ ಹೋಗಬಾರದು. ರಜೆ ಇರುವುದು ಆರಾಮಕ್ಕೆ, ಸಿಕ್ ಲೀವ್ ಇರುವುದು ವಾಸಿಯಾಗುವುದಕ್ಕೆ, ಎರಡೂ ಬೇರೆ ಅಂತ ಅಲ್ಲಿನ ನ್ಯಾಯಾಲಯ 2009ರಿಂದ ಹೇಳುತ್ತಾ ಬಂದಿದೆ. ಜರ್ಮನಿಯಲ್ಲಿ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಆ ದಿನಗಳನ್ನು ರಜೆಯಿಂದ ಕಳೆಯುವುದಿಲ್ಲ. ಸರ್ಟಿಫಿಕೇಟ್ ಮೊದಲ ದಿನದಿಂದಲೇ ಬೇಕು, ವಾಪಸ್ ಬಂದ ಮೇಲೆ ಬರೆಸಿಕೊಂಡರೆ ನಡೆಯುವುದಿಲ್ಲ. ಫ್ರಾನ್ಸ್ ಇದನ್ನು ಬಹಳ ವರ್ಷ ಒಪ್ಪಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಉನ್ನತ ನ್ಯಾಯಾಲಯವೂ ಒಪ್ಪಿತು. ಮಿಕ್ಕ ದೇಶಗಳಲ್ಲಿ ಹೆಚ್ಚಾಗಿ ಕಂಪನಿ ಪಾಲಿಸಿ ಹೇಗಿದೆಯೋ ಹಾಗೆ.

ವರ್ಷದ ಕೊನೆಗೆ ರಜೆ ಉಳಿದುಬಿಟ್ಟಿದೆ. ಲ್ಯಾಪ್ಸ್ ಆಗುತ್ತಾ, ದುಡ್ಡು ಸಿಗುತ್ತಾ?

ಮೂರು ದಾರಿಗಳಿವೆ: ಸತ್ತುಹೋಗುವುದು, ಮುಂದಕ್ಕೆ ಹೋಗುವುದು, ದುಡ್ಡಾಗುವುದು. ಜಪಾನಿನಲ್ಲಿ ಎರಡು ವರ್ಷಕ್ಕೆ ಸಾಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಜೆ ಕೊಡಲೇಬೇಕು ಅಂತಿಲ್ಲ, ಆದರೆ ಕೊಟ್ಟ ಮೇಲೆ ಅದು ಸಂಬಳವಿದ್ದಂತೆ. ಕಿತ್ತುಕೊಳ್ಳುವಂತಿಲ್ಲ, ಕೆಲಸ ಬಿಡುವಾಗ ದುಡ್ಡು ಕೊಡಬೇಕು. ಚೀನಾದಲ್ಲಿ ಕಂಪನಿ ರಜೆ ಕೊಡದಿದ್ದರೆ ಆ ದಿನಕ್ಕೆ ಒಟ್ಟು ಮೂರು ಪಟ್ಟು ಕೂಲಿ ಕೊಡಬೇಕು.

ಯುರೋಪಿನ ಒಂದು ಪ್ರಕರಣ ಹೇಳಲೇಬೇಕು. ಜರ್ಮನಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಹತ್ತಕ್ಕೂ ಹೆಚ್ಚು ವರ್ಷ ದುಡಿದವರೊಬ್ಬರಿಗೆ ಕೆಲಸ ಮುಗಿಯುವಾಗ 51 ದಿನ ರಜೆ ಉಳಿದಿತ್ತು. ಕೇಳಿರಲಿಲ್ಲ, ಹಾಗಾಗಿ ಲ್ಯಾಪ್ಸ್ ಆಯಿತು ಅಂದರು ಸಂಸ್ಥೆಯವರು. ಕೇಸು ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. ಕೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ರಜೆ ಸಾಯುವುದಿಲ್ಲ ಅಂತ 2018ರಲ್ಲಿ ತೀರ್ಪು ಬಂತು. ಇಷ್ಟು ರಜೆ ಬಾಕಿ ಇದೆ, ತಗೊಳ್ಳಿ, ಇಲ್ಲದಿದ್ದರೆ ಈ ತಾರೀಕಿಗೆ ಹೋಗುತ್ತದೆ ಅಂತ ಮಾಲೀಕರು ಸ್ಪಷ್ಟವಾಗಿ ಹೇಳಿರಬೇಕು. ಹೇಳಿದ್ದೇವೆ ಅಂತ ಸಾಬೀತು ಮಾಡಬೇಕಾದವರೂ ಅವರೇ. ಈಗ ಜರ್ಮನಿಯ ಎಚ್ಆರ್‌ಗಳು ರಜೆ ನೆನಪಿಸಿ ಮೇಲ್ ಮೇಲೆ ಮೇಲ್ ಹಾಕುವುದು ಪ್ರೀತಿಯಿಂದಲ್ಲ.

ನಾನು ಕೇಳಿದ ತಾರೀಕಿಗೇ ರಜೆ ಕೊಡಬೇಕಾ?

ಹೆಚ್ಚಿನ ಕಡೆ ರಜೆ ನಿಮ್ಮದು, ತಾರೀಕು ಇಬ್ಬರದು. ಜರ್ಮನಿಯಲ್ಲಿ ಕೆಲಸದ ತುರ್ತು ಕಾರಣ, ಇಲ್ಲವೇ ಸಹೋದ್ಯೋಗಿಗಳ ಹೆಚ್ಚು ನ್ಯಾಯವಾದ ಬೇಡಿಕೆ ಇದ್ದರೆ ಮಾತ್ರ ಇಲ್ಲ ಅನ್ನಬಹುದು. ಬ್ರಿಟನ್‌ನಲ್ಲಿ ಬೇಕಾದ ರಜೆಯ ಎರಡರಷ್ಟು ದಿನ ಮುಂಚೆ ಹೇಳಬೇಕು. ಒಂದು ವಾರ ಬೇಕಿದ್ದರೆ ಎರಡು ವಾರ ಮೊದಲು. ಫ್ರಾನ್ಸ್‌ನಲ್ಲಿ ತಾರೀಕು ಗೊತ್ತು ಮಾಡುವುದು ಮಾಲೀಕರೇ, ಆದರೆ ಒಂದೇ ಕಂಪನಿಯಲ್ಲಿರುವ ಗಂಡ ಹೆಂಡತಿಗೆ ಒಟ್ಟಿಗೆ ರಜೆ ಪಡೆಯುವ ಹಕ್ಕಿದೆ. ಎಂಥ ಸೊಗಸಾದ ಕಾನೂನು, ಅಲ್ವಾ? ಕೆಲವರಿಗೆ ಅದು ಶಿಕ್ಷೆಯೂ ಆಗಬಹುದು, ಅದು ಬೇರೆ ಮಾತು.

ರಜೆಯಲ್ಲಿದ್ದಾಗ ಮ್ಯಾನೇಜರ್ ಫೋನ್ ಮಾಡಿದ್ರೆ ಎತ್ಲೇಬೇಕಾ?

ಕೆಲವು ದೇಶಗಳಲ್ಲಿ ಎತ್ತದೇ ಇರಲು ಕಾನೂನಿನ ಬೆಂಬಲ ಇದೆ. ಫ್ರಾನ್ಸ್ 2017ರಿಂದ 50 ಜನರಿಗಿಂತ ಹೆಚ್ಚಿರುವ ಕಂಪನಿಗಳು ಈ ಬಗ್ಗೆ ಕೆಲಸಗಾರರ ಜೊತೆ ಮಾತಾಡಿ ನಿಯಮ ಮಾಡಬೇಕು ಅಂದಿತು. ಪೋರ್ಚುಗಲ್ 2021ರಲ್ಲಿ ಹೊಣೆಯನ್ನು ನೇರ ಮಾಲೀಕರ ಮೇಲೆ ಹಾಕಿತು: ಕೆಲಸದ ಹೊತ್ತಿನ ಆಚೆ ಸಂಪರ್ಕಿಸಲೇ ಬಾರದು, ತೀರಾ ಅನಿವಾರ್ಯ ಬಿಟ್ಟು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ನೀವು ಉತ್ತರಿಸದೆ ಇರಬಹುದು, ನಿಮ್ಮ ನಿರಾಕರಣೆ ಅಸಮಂಜಸ ಅನ್ನಿಸದಿದ್ದರೆ.

ಕಾನೂನಿಗಿಂತ ನನಗೆ ಹಿಡಿಸಿದ್ದು ಮರ್ಸಿಡಿಸ್ ಕಾರು ಮಾಡುತ್ತಿದ್ದ ಡೈಮ್ಲರ್ ಕಂಪನಿಯ, 2014ರಲ್ಲಿ ಸುದ್ದಿಯಾದ ಉಪಾಯ. ರಜೆಯಲ್ಲಿರುವವರಿಗೆ ಬಂದ ಮೇಲ್ ತಾನಾಗೇ ಅಳಿಸಿಹೋಗುವಂತೆ ಇಟ್ಟುಕೊಳ್ಳಬಹುದಿತ್ತು. ಕಳಿಸಿದವರಿಗೆ "ನಿಮ್ಮ ಮೇಲ್ ಅಳಿಸಲಾಗಿದೆ, ಇಂಥವರನ್ನು ಸಂಪರ್ಕಿಸಿ" ಅನ್ನುವ ಉತ್ತರ ಹೋಗುತ್ತಿತ್ತು. ರಜೆಯ ಕೊನೆಯ ಸಂಜೆ ಹೊಟ್ಟೆಯಲ್ಲಿ ಏಳುವ ಸಂಕಟಕ್ಕೆ ಇದೇ ಮದ್ದು.

ಅನ್‌ಲಿಮಿಟೆಡ್ ಲೀವ್ ಅಂತ ಆಫರ್ ಲೆಟರ್‌ನಲ್ಲಿದೆ. ಖುಷಿ ಪಡ್ಲಾ?

ಸ್ವಲ್ಪ ತಡೆಯಿರಿ. ಮಿತಿ ಇಲ್ಲ ಅಂದರೆ ಲೆಕ್ಕವೂ ಇಲ್ಲ. ಲೆಕ್ಕ ಇಲ್ಲದಿದ್ದರೆ ಉಳಿದ ರಜೆ ಅನ್ನುವುದೇ ಇಲ್ಲ, ಕೆಲಸ ಬಿಡುವಾಗ ದುಡ್ಡು ಕೇಳಲು ಏನೂ ಇರುವುದಿಲ್ಲ. 20 ದಿನ ಅಂತ ಬರೆದಿದ್ದರೆ 20 ತಗೊಳ್ಳಲು ಯಾರಿಗೂ ನಾಚಿಕೆಯಿಲ್ಲ. "ಎಷ್ಟು ಬೇಕಾದರೂ" ಅಂದರೆ ಪ್ರತಿ ಸಲವೂ ಪಕ್ಕದವರನ್ನು ನೋಡಿ ಅಳೆಯಬೇಕು. ಎಚ್ಆರ್‌ಗೆ ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ನನ್ನ ಟೀಮಿನವರು ಸರಾಸರಿ ಎಷ್ಟು ದಿನ ತಗೊಂಡರು? ಉತ್ತರ ಬರದಿದ್ದರೆ ಅದೇ ಉತ್ತರ.

ಇಷ್ಟೆಲ್ಲ ರಜೆ ಕೊಟ್ರೆ ದೇಶ ಹಿಂದೆ ಬೀಳಲ್ವಾ?

ಒಬ್ಬರು ವರ್ಷಕ್ಕೆ ಸರಾಸರಿ ಎಷ್ಟು ಗಂಟೆ ದುಡಿಯುತ್ತಾರೆ ಅನ್ನುವ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಕೂಟ) ಲೆಕ್ಕದಲ್ಲಿ ಜರ್ಮನಿ ಸುಮಾರು 1340, ಮೆಕ್ಸಿಕೋ ಸುಮಾರು 2200. ಗಂಟೆಗಳೇ ದೇಶ ಕಟ್ಟುವುದಾದರೆ ಮೆಕ್ಸಿಕೋ ಎಲ್ಲಿರಬೇಕಿತ್ತು? ಆದರೆ ಇದನ್ನು ಹಿಡಿದು ರಜೆಯಿಂದಲೇ ಜರ್ಮನಿ ಮುಂದೆ ಬಂತು ಅನ್ನುವುದೂ ತಪ್ಪು. ಯಂತ್ರ, ತರಬೇತಿ, ಬಂಡವಾಳ ಎಲ್ಲ ಇದೆ. ಅಲ್ಲಿ ಪಾರ್ಟ್‌ಟೈಮ್‌ನವರು ಜಾಸ್ತಿ ಇರುವುದರಿಂದಲೂ ಸರಾಸರಿ ಇಳಿಯುತ್ತದೆ.

ಜಾಸ್ತಿ ದುಡಿತದ ಬೆಲೆ ಮಾತ್ರ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಕೊಟ್ಟ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35% ಜಾಸ್ತಿ. 2016ರಲ್ಲಿ ಅತಿ ದುಡಿತದಿಂದ ಸತ್ತವರು 7,45,000.

ಒಂದು ದೇಶದಲ್ಲಿ ಕೂತು ಇನ್ನೊಂದು ದೇಶದ ಕಂಪನಿಗೆ ಕೆಲಸ ಮಾಡ್ತಿದೀನಿ. ಯಾವ ದೇಶದ ರಜೆ ಸಿಗುತ್ತೆ?

ಸಾಮಾನ್ಯವಾಗಿ ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರೋ ಅಲ್ಲಿನದು. ಕಂಪನಿ ಸ್ವೀಡನ್ನಿನದಾದ ಮಾತ್ರಕ್ಕೆ ಐದು ವಾರ ಸಿಗುವುದಿಲ್ಲ.

ಆದರೆ ಅದಕ್ಕಿಂತ ಮೊದಲು ನೋಡಬೇಕಾದ್ದು, ನೀವು ನೌಕರರಾ ಅಥವಾ ಕಾಂಟ್ರಾಕ್ಟರಾ ಅಂತ. ಕಾಂಟ್ರಾಕ್ಟರ್ ಅಂತ ಬರೆದಿದ್ದರೆ ರಜೆ ನಿಮ್ಮ ಖರ್ಚಿನಲ್ಲೇ. ಹಾಗಾಗಿ ರೇಟ್ ಹೇಳುವಾಗ ವರ್ಷಕ್ಕೆ 52 ವಾರದ ಬದಲು 46 ವಾರದ ಲೆಕ್ಕ ಹಾಕಿ. ಹಾಗಂತ ಕಾಗದದಲ್ಲಿ ಬರೆದದ್ದೇ ಕೊನೆಯ ಮಾತೂ ಅಲ್ಲ. ಬ್ರಿಟನ್‌ನಲ್ಲಿ ಕಿಟಕಿ ಮಾರುವ ಕಂಪನಿಯೊಂದಕ್ಕೆ 13 ವರ್ಷ ಬರೀ ಕಮಿಷನ್ ಮೇಲೆ ದುಡಿದ ಸೇಲ್ಸ್‌ಮನ್ ಒಬ್ಬರಿದ್ದರು. ಸ್ವಂತ ಉದ್ಯೋಗಿ ಅನ್ನುವ ಹಣೆಪಟ್ಟಿ ಇದ್ದುದರಿಂದ ರಜೆಗೆ ಒಂದು ದಿನವೂ ಸಂಬಳ ಸಿಕ್ಕಿರಲಿಲ್ಲ. ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಕೋರ್ಟಿಗೆ ಹೋದರು. ಅವರು ನಿಜದಲ್ಲಿ ಕೆಲಸಗಾರರೇ ಅಂತ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಹೇಳಿತು. 2017ರಲ್ಲಿ ಐರೋಪ್ಯ ನ್ಯಾಯಾಲಯವೂ ಅವರ ಪರವಾಗಿ ನಿಂತಿತು. ಸಂಬಳ ಕೊಡುವುದಿಲ್ಲ ಅಂದ ಕಾರಣಕ್ಕೆ ತಗೊಳ್ಳದೆ ಬಿಟ್ಟ ರಜೆ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ, ಕೆಲಸ ಮುಗಿದ ದಿನ ಅಷ್ಟಕ್ಕೂ ದುಡ್ಡು ಕೊಡಬೇಕು ಅಂದಿತು.